ಓಪನ್ ಸೋರ್ಸ್ ಟೂಲ್‌ನಿಂದ ಸಂಪಾದನೆ: ಉಚಿತಕ್ಕೂ ಮಾರಾಟಕ್ಕೂ ನಡುವಿನ ಗೆರೆ ಎಲ್ಲಿ?

ನೀವು ಓಪನ್ ಸೋರ್ಸ್ ಆಗಿ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟು, ಕೊಟ್ಟ ಲೈಬ್ರರಿಯನ್ನು (ಬೇರೆ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್) ಹಲವಾರು ಕಂಪನಿಗಳು ಬಳಸುತ್ತಿವೆ, ಸ್ಪಾನ್ಸರ್ ಬಟನ್‌ನಿಂದ ಮಾತ್ರ ಪುಡಿಗಾಸು ಬರುತ್ತಿದೆ, ಒಬ್ಬನೇ ನಡೆಸುವ ವ್ಯವಹಾರ ಆದೀತೇ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ದೇಣಿಗೆಯಿಂದಲ್ಲ. ದೇಣಿಗೆ ಕೊಡಲು ಕಂಪನಿಯ ಮ್ಯಾನೇಜರ್‌ಗೆ ಬಜೆಟ್ಟೇ ಇರುವುದಿಲ್ಲ. ಇನ್‌ವಾಯ್ಸ್ ಕಳಿಸಿದರೆ ಪಾಸು ಮಾಡಿಬಿಡುತ್ತಾರೆ. ವರ್ಷಕ್ಕೆ 995 ಡಾಲರ್ ಕೊಡುವ 40 ಕಂಪನಿಗಳಿದ್ದರೆ 39,800 ಡಾಲರ್. ತಿಂಗಳಿಗೆ 5 ಡಾಲರ್ ದೇಣಿಗೆಯಲ್ಲಿ ಅಷ್ಟೇ ಹಣ ಸೇರಲು 664 ಜನ ಬೇಕು.

995 ಎಂಬುದು ನಾನು ಸುಮ್ಮನೆ ಹೇಳಿದ ಅಂಕಿಯಲ್ಲ, ಸೈಡ್‌ಕಿಕ್ ಪ್ರೊ ಆವೃತ್ತಿಯ ವಾರ್ಷಿಕ ಬೆಲೆ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೇಲ್ ಕಳಿಸುವುದು, ರಿಪೋರ್ಟ್ ತಯಾರಿಸುವುದು ಮುಂತಾದ ಕೆಲಸಗಳನ್ನು (ಜಾಬ್) ರೆಡಿಸ್ ಎಂಬ ಡೇಟಾ ಸಂಗ್ರಹದ ಮೂಲಕ ಹಿನ್ನೆಲೆಯಲ್ಲಿ ಓಡಿಸುವ ಈ ಟೂಲನ್ನು ಮೈಕ್ ಪೆರ್ಹಮ್ 2012ರಲ್ಲಿ ಶುರು ಮಾಡಿದರು. ಮೂಲ ಕೋಡ್ ಎಲ್‌ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಅಡಿ ಉಚಿತ. ಪ್ರೊ, ಎಂಟರ್‌ಪ್ರೈಸ್ ಎಂಬ ಎರಡು ಆವೃತ್ತಿಗಳು ಮಾರಾಟಕ್ಕೆ.

ಗೆರೆ ಎಳೆದ ಜಾಗವನ್ನು ಗಮನಿಸಿ. ಉಚಿತ ಆವೃತ್ತಿ ಜಾಬನ್ನು ರೆಡಿಸ್‌ನಿಂದ ತೆಗೆದುಕೊಂಡ ಕ್ಷಣವೇ ಅದು ಸರದಿಯಿಂದ ಹೋಗುತ್ತದೆ. ಮೆಮೊರಿ ಸಾಲದೆ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಸತ್ತರೆ ಕೈಯಲ್ಲಿದ್ದ ಜಾಬೂ ಹೋಯಿತು. ಪ್ರೊ ಆವೃತ್ತಿಯ ಸೂಪರ್ ಫೆಚ್, ಕೆಲಸ ಮುಗಿಯುವವರೆಗೆ ಜಾಬನ್ನು ರೆಡಿಸ್‌ನಲ್ಲೇ ಬೇರೆ ಪಟ್ಟಿಯಲ್ಲಿಟ್ಟು, ಪ್ರೊಸೆಸ್ ಬಿದ್ದರೆ ಮತ್ತೆ ಸರದಿಗೆ ಸೇರಿಸುತ್ತದೆ. ಸಣ್ಣ ಬ್ಲಾಗಿಗೆ ಒಂದು ಮೇಲ್ ಹೋಗದಿದ್ದರೆ ನಡೆಯುತ್ತದೆ. ಹಣ ಪಾವತಿ ನಡೆಸುವ ಕಂಪನಿಗೆ ನಡೆಯುವುದಿಲ್ಲ. ಹಾಗೆಯೇ ಸಾವಿರಾರು ಜಾಬ್‌ಗಳ ಗುಂಪು ಪೂರ್ತಿ ಮುಗಿದಾಗ ಮುಂದಿನ ಹೆಜ್ಜೆ ಇಡುವ ಬ್ಯಾಚ್ ಸೌಲಭ್ಯ ಪ್ರೊನಲ್ಲಿದೆ. ರೇಟ್ ಲಿಮಿಟ್ (ಜಾಬ್‌ಗಳ ವೇಗಕ್ಕೆ ಮಿತಿ), ನಿಗದಿತ ಹೊತ್ತಿಗೆ ಓಡುವ ಜಾಬ್ ಎಂಟರ್‌ಪ್ರೈಸ್‌ನಲ್ಲಿವೆ. ಒಬ್ಬ ಡೆವಲಪರ್‌ಗೆ ಉಚಿತ ಆವೃತ್ತಿಯೇ ಸಾಕಾಗಬೇಕು; ಕಂಪನಿ ಬೆಳೆದ ಮೇಲಷ್ಟೇ ಕಾಡುವ ನೋವಿಗೆ ಬೆಲೆ ಇಡಬೇಕು. ಆ ನೋವು ಬಳಕೆದಾರರು ದೂರು ಬರೆಯುವ ನಿಮ್ಮ ಇಶ್ಯೂ ಪಟ್ಟಿಯಲ್ಲೇ ಇದೆ. ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ಬಳಸುವ ನಿಜವಾದ ವ್ಯವಸ್ಥೆಯಲ್ಲಿ) ಹೀಗಾಯಿತು ಎಂದು ಬರೆದವರನ್ನು ಹುಡುಕಿ, ಐದಾರು ತಂಡಗಳನ್ನು ಮಾತಾಡಿಸಿ, ಆಮೇಲೆ ಕೋಡ್ ಬರೆಯಿರಿ.

ಈಗಾಗಲೇ ಉಚಿತವಾಗಿ ಕೊಟ್ಟಿದ್ದನ್ನು ಮಾತ್ರ ಹಿಂದಕ್ಕೆ ಕಿತ್ತುಕೊಳ್ಳಬೇಡಿ. 2023ರ ಆಗಸ್ಟ್‌ನಲ್ಲಿ ಹಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಟೂಲ್‌ನ ಲೈಸೆನ್ಸ್ ಬದಲಿಸಿತು, ಹಳೆಯ ಉಚಿತ ಕೋಡನ್ನೇ ಇಟ್ಟುಕೊಂಡು ಓಪನ್‌ಟೋಫು ಎಂಬ ಪ್ರತಿಸ್ಪರ್ಧಿ ಹುಟ್ಟಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿಯೂ ಲೈಸೆನ್ಸ್ ಬದಲಿಸಿತು, ಹಾಗೆಯೇ ವಾಲ್ಕಿ ಹುಟ್ಟಿತು. ದೊಡ್ಡ ಕಂಪನಿಗಳು ಅದನ್ನು ತಡೆದುಕೊಂಡಾವು. ಒಂಟಿ ನಿರ್ವಾಹಕನಿಗೆ ಬಳಕೆದಾರರ ನಂಬಿಕೆ ಬಿಟ್ಟರೆ ಬೇರೆ ಬಂಡವಾಳವಿಲ್ಲ. ಹೊರಗಿನವರು ಕಳಿಸಿದ ಪ್ಯಾಚ್‌ಗಳ (ಕೋಡ್ ತಿದ್ದುಪಡಿಗಳ) ಹಕ್ಕು ಅವರದೇ ಎಂಬುದೂ ನೆನಪಿರಲಿ. ಆ ಕೋಡನ್ನು ಮಾರುವ ಆವೃತ್ತಿಯಲ್ಲೂ ಬಳಸುವ ಯೋಚನೆಯಿದ್ದರೆ ಈಗಲೇ ಒಪ್ಪಂದ ಬರೆಸಿಕೊಳ್ಳಿ.

ಮಾರುವ ಭಾಗ ಬೇರೆ ಪ್ಯಾಕೇಜ್ ಆಗಿರಲಿ, ಮೂಲ ಲೈಬ್ರರಿಯ ಹುಕ್‌ಗಳಿಗೆ (ಹೊರಗಿನ ಕೋಡ್ ಜೋಡಿಸಲು ಬಿಟ್ಟ ಜಾಗಗಳಿಗೆ) ಕೂರಲಿ. ಹಂಚಿಕೆಗೆ ಒಂದು ಖಾಸಗಿ ಪ್ಯಾಕೇಜ್ ಸರ್ವರ್, ಗ್ರಾಹಕರಿಗೆ ಒಂದೊಂದು ಯೂಸರ್‌ನೇಮ್, ಪಾಸ್‌ವರ್ಡ್ ಸಾಕು. ಚಂದಾ ಮುಗಿದರೆ ಪಾಸ್‌ವರ್ಡ್ ನಿಲ್ಲುತ್ತದೆ, ಹೊಸ ಆವೃತ್ತಿ ಸಿಗುವುದಿಲ್ಲ. ಕೋಡ್ ಓಡುವಾಗ ಲೈಸೆನ್ಸ್ ಕೀ ತಪಾಸಣೆ ಬೇಡವೇ ಬೇಡ: ರಾತ್ರಿ ಎರಡಕ್ಕೆ ನಿಮ್ಮ ಸರ್ವರ್ ಬಿದ್ದರೆ ಗ್ರಾಹಕರ ಪ್ರೊಡಕ್ಷನ್ನೂ ಬೀಳುತ್ತದೆ. ಒಂದೇ ಸಲದ ಮಾರಾಟವೂ ಬೇಡ. ದೋಷ ಸರಿಪಡಿಸುವ ಕೆಲಸ ವರ್ಷವಿಡೀ ಇರುವಾಗ ಹಣವೂ ವರ್ಷವರ್ಷ ಬರಬೇಕು. ಸೈಡ್‌ಕಿಕ್ ಕೂಡ ಒಂದೇ ಸಲದ ಬೆಲೆಯಿಂದ ಚಂದಾಕ್ಕೆ ಬದಲಾಯಿತು. ಸಹಾಯ ಇಮೇಲ್‌ನಲ್ಲಿ ಮಾತ್ರ ಎಂದು ಮೊದಲೇ ಬರೆದುಬಿಡಿ.

ಹಣ ಪಡೆಯುವ ವಿಚಾರ. ವಿದೇಶಿ ಗ್ರಾಹಕರಿಗೆ ಪ್ಯಾಡಲ್‌ನಂಥ ಮರ್ಚೆಂಟ್ ಆಫ್ ರೆಕಾರ್ಡ್ (ನಿಮ್ಮ ಪರವಾಗಿ ತಾನೇ ಮಾರಾಟಗಾರನಾಗಿ ಹಣ ಪಡೆಯುವ ಕಂಪನಿ) ಹಿಡಿಯಿರಿ. ಪಟ್ಟಿ ದರ 5 ಶೇಕಡಾ ಮತ್ತು 50 ಸೆಂಟ್, ಅಂದರೆ 995ರಲ್ಲಿ ಸುಮಾರು 50 ಡಾಲರ್ ಅವರಿಗೆ. ಬದಲಿಗೆ ಆಯಾ ದೇಶದ ಮಾರಾಟ ತೆರಿಗೆಯ ತಲೆನೋವು ಅವರದು. ಜಿಎಸ್‌ಟಿ ನೋಂದಣಿ ಆದ ಮೇಲೆ ಪ್ರತಿ ಹಣಕಾಸು ವರ್ಷದ ಶುರುವಿನಲ್ಲೇ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿ. ಮರೆತರೆ ರಫ್ತಿನ ಮೇಲೂ ಮೊದಲು ತೆರಿಗೆ ಕಟ್ಟಿ, ಆಮೇಲೆ ಮರುಪಾವತಿಗೆ ಕಾಯಬೇಕು. ಭಾರತದ ಗ್ರಾಹಕರ ಕಾರ್ಡಿನಿಂದ ತಾನಾಗಿಯೇ ಚಂದಾ ಕಡಿತವಾಗುವುದನ್ನು ನೆಚ್ಚಬೇಡಿ; 15,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಪ್ರತಿ ಸಲ ಒಟಿಪಿ ಬೇಕು. ಅವರಿಗೆ ವರ್ಷದ ಇನ್‌ವಾಯ್ಸ್ ಕಳಿಸಿ ಬ್ಯಾಂಕ್ ವರ್ಗಾವಣೆ ಮಾಡಿಸಿಕೊಳ್ಳಿ, ಟಿಡಿಎಸ್ ಹಿಡಿದು ಕೊಡುತ್ತಾರೆಂದು ಲೆಕ್ಕದಲ್ಲಿಟ್ಟುಕೊಳ್ಳಿ.