ಶಾಲೆಯ ಊಟಕ್ಕೆ ನಮ್ಮ ಹೊಲದ ಸಜ್ಜೆ ಕೊಡಬಹುದಾ?

ಪ್ರಶ್ನೆ: ನಾನು ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನವಳು. ನಮ್ಮೂರ ಕನ್ನಡ ಶಾಲೆಯ ಸಮಿತಿಯಲ್ಲಿದ್ದೇನೆ. ಐದನೇ ತರಗತಿ ಓದುವ ನನ್ನ ಮಗಳಿಗೆ ರಕ್ತ ಕಡಿಮೆ ಅಂತ ತಪಾಸಣೆಗೆ ಬಂದ ಡಾಕ್ಟರು ಹೇಳಿದರು. ಶಾಲೆಯಲ್ಲಿ ದಿನಾ ಅನ್ನವೇ. ನಮ್ಮ ಹೊಲದಲ್ಲಿ ಸಜ್ಜೆ ಬೆಳೆಯುತ್ತೇವೆ. ‘ಧನಶಕ್ತಿ’ ಅನ್ನೋ ಸಜ್ಜೆಯಲ್ಲಿ ಕಬ್ಬಿಣದ ಅಂಶ ಜಾಸ್ತಿ ಅಂತಾರೆ. ಅದು ಔಷಧಿ ಬೆರೆಸಿದ ಬೀಜವಾ? ಬೆಳೆದು ಶಾಲೆಗೆ ಕೊಟ್ಟರೆ ಮಕ್ಕಳಿಗೆ ರಕ್ತ ಹೆಚ್ಚುತ್ತದಾ?

ಉತ್ತರ: ಔಷಧಿ ಏನೂ ಬೆರೆಸಿಲ್ಲ ಅಕ್ಕಾ. ಕುಲಾಂತರಿಯೂ ಅಲ್ಲ. ರಾಶಿ ಮಾಡುವಾಗ ಹಿರಿಯರು ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಇಡುತ್ತಿದ್ದರಲ್ವಾ? ಇದೂ ಅದೇ ಕೆಲಸ. ಹಿರಿಯರು ತೆನೆಯ ಗಾತ್ರ ನೋಡಿದರು, ವಿಜ್ಞಾನಿಗಳು ಕಾಳಿನೊಳಗಿನ ಕಬ್ಬಿಣ ಅಳೆದರು, ಅಷ್ಟೇ. ಹೈದರಾಬಾದ್ ಹತ್ತಿರ ಇರುವ, ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ ಸೇರಿ ಐಸಿಟಿಪಿ 8203 ಅನ್ನೋ ಹಳೆಯ ತಳಿಯಿಂದ ಇದನ್ನು ಆರಿಸಿದವು. 2012ರಲ್ಲಿ ಮೊದಲು ಬಿಡುಗಡೆಯಾಗಿದ್ದು ನಿಮ್ಮ ಮಹಾರಾಷ್ಟ್ರದಲ್ಲೇ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ಶಾಲೆಯ ಅಕ್ಕಿಯಲ್ಲಿ ಬೇರೆ ಬಣ್ಣದ ಕಾಳು ಕಂಡರೆ ಕೆಲವರು ‘ಪ್ಲಾಸ್ಟಿಕ್ ಅಕ್ಕಿ’ ಅಂತ ಆರಿಸಿ ಎಸೆಯುತ್ತಾರೆ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿದ್ದು. ನೂರು ಕಾಳಿಗೆ ಒಂದರಂತೆ ಇರುತ್ತದೆ. ಎಸೆಯಬೇಡಿ. ಅಲ್ಲಿ ಕಬ್ಬಿಣ ಹೊರಗಿನಿಂದ ಬರುತ್ತದೆ. ಧನಶಕ್ತಿಯಲ್ಲಿ ಗಿಡವೇ ಮಣ್ಣಿನಿಂದ ಎಳೆದು ಕಾಳಿಗೆ ತುಂಬುತ್ತದೆ.

ಈಗ ಲೆಕ್ಕ. ನೂರು ಗ್ರಾಂ ಧನಶಕ್ತಿಯಲ್ಲಿ ಸುಮಾರು 7 ಮಿಲಿಗ್ರಾಂ ಕಬ್ಬಿಣ ಇರುತ್ತದೆ. 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದ್ದು 28 ಮಿಲಿಗ್ರಾಂ. ಅಂದರೆ ಅಷ್ಟು ಹಿಟ್ಟಿನ ರೊಟ್ಟಿ ತಿಂದರೆ ಕಾಲು ಭಾಗ ಸಿಕ್ಕಿತು. ಇದು ಸಣ್ಣ ಮಾತಲ್ಲ. ಮಹಾರಾಷ್ಟ್ರದಲ್ಲೇ 12ರಿಂದ 16 ವರ್ಷದ 246 ಶಾಲಾ ಮಕ್ಕಳ ಮೇಲೆ ಒಂದು ಅಧ್ಯಯನ ನಡೆದಿತ್ತು. 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಹೊತ್ತು ಸಜ್ಜೆ ರೊಟ್ಟಿ ಕೊಟ್ಟರು, ಕೆಲವರಿಗೆ ಕಬ್ಬಿಣ ಜಾಸ್ತಿ ಇರುವ ಸಜ್ಜೆ, ಉಳಿದವರಿಗೆ ಸಾದಾ ಸಜ್ಜೆ. ಮೊದಲೇ ಕಬ್ಬಿಣದ ಕೊರತೆ ಇದ್ದ ಮಕ್ಕಳಲ್ಲಿ, ಹೊಸ ಸಜ್ಜೆ ತಿಂದವರು ಆರು ತಿಂಗಳಲ್ಲಿ ಆ ಕೊರತೆಯಿಂದ ಹೊರಬರುವ ಸಾಧ್ಯತೆ 1.64 ಪಟ್ಟು ಜಾಸ್ತಿ ಇತ್ತು. ಗಮನಿಸಿ, ದಿನಾ ಎರಡು ಹೊತ್ತು, ತಿಂಗಳುಗಟ್ಟಲೆ. ಭೋಗಿ ಹಬ್ಬಕ್ಕೊಮ್ಮೆ ಎಳ್ಳು ಹಚ್ಚಿದ ರೊಟ್ಟಿ ತಿಂದರೆ ರುಚಿ ಸಿಗುತ್ತದೆ, ರಕ್ತ ಅಲ್ಲ.

ಸಜ್ಜೆಯಲ್ಲಿ ಫೈಟೇಟ್ ಅನ್ನೋ ಅಂಶವಿದೆ. ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡಲ್ಲ. ವಿಟಮಿನ್ ಸಿ ಇದಕ್ಕೆ ಮದ್ದು: ಊಟದಲ್ಲಿ ನಿಂಬೆ ಹಿಂಡಿ, ಪೇರಲ ಹಣ್ಣು ಕೊಡಿ. ಊಟದ ಹಿಂದೆಯೇ ಚಹಾ ಮಾತ್ರ ಬೇಡ, ಅದೂ ಕಬ್ಬಿಣಕ್ಕೆ ಅಡ್ಡ. ನಮ್ಮ ಕಡೆ ಮಕ್ಕಳಿಗೂ ಚಹಾ ಕುಡಿಸುತ್ತಾರೆ, ನನಗೆ ಅದೇ ದೊಡ್ಡ ತಲೆನೋವು. ಹಿಟ್ಟನ್ನೂ ಎರಡು ಮೂರು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಹಿಟ್ಟು ಬೇಗ ಕಹಿಯಾಗುತ್ತದೆ. ಕಹಿ ರೊಟ್ಟಿಯನ್ನು ಯಾವ ಮಗುವೂ ತಿನ್ನಲ್ಲ.

ಮಗಳ ವಿಷಯದಲ್ಲಿ ರೊಟ್ಟಿಯನ್ನೇ ನಂಬಿ ಕೂರಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ ಕೊರತೆ ಬಾರದಿರಲಿ ಅಂತ ಕೊಡುವುದು. ಈಗಾಗಲೇ ರಕ್ತ ಕಡಿಮೆ ಇದ್ದರೆ ಡಾಕ್ಟರು ಹೇಳಿದ ಚಿಕಿತ್ಸೆಯೇ ಆಗಬೇಕು. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

ಶಾಲೆಗೆ ಕೊಡಲು ದಾರಿ ಇದೆ. ಊರಿನವರು ಮಕ್ಕಳಿಗೆ ಊಟ ಹಾಕುವ ‘ತಿಥಿ ಭೋಜನ’ ಮಹಾರಾಷ್ಟ್ರದಲ್ಲಿ ‘ಸ್ನೇಹ ಭೋಜನ’ ಅನ್ನೋ ಹೆಸರಿನಲ್ಲಿದೆ. ಮುಖ್ಯಾಧ್ಯಾಪಕರ ಜೊತೆ ಮಾತಾಡಿ. ಆದರೆ ನೂರು ಮಕ್ಕಳಿಗೆ ರೊಟ್ಟಿ ಬಡಿಯುವ ಅಡುಗೆಯವರ ಕೈ ನೆನಪಿರಲಿ! ಸಜ್ಜೆ ನುಚ್ಚಿಗೆ ಬೇಳೆ, ಸೊಪ್ಪು ಹಾಕಿ ಕಿಚಡಿ ಮಾಡಿದರೆ ಸುಲಭ.

ಬೀಜದ ಬಗ್ಗೆ ಒಂದು ಎಚ್ಚರ. ಕಬ್ಬಿಣ ಕಣ್ಣಿಗೆ ಕಾಣಲ್ಲ, ಕಾಳು ನೋಡಿ ಧನಶಕ್ತಿ ಅಂತ ಗುರುತಿಸಲು ಆಗಲ್ಲ. ಹಾಗಾಗಿ ಪ್ರಮಾಣಿತ ಬೀಜವನ್ನೇ ಕೊಳ್ಳಿ. ಇದು ಹೈಬ್ರಿಡ್ ಅಲ್ಲ, ಮುಂದಿನ ವರ್ಷಕ್ಕೆ ಬೀಜ ಎತ್ತಿಡಬಹುದು. ಆದರೆ ಪಕ್ಕದ ಹೊಲದ ಸಜ್ಜೆಯ ಪರಾಗ ಗಾಳಿಯಲ್ಲಿ ಬಂದು ಬೆರೆಯುತ್ತದೆ. ಬದುವಿನ ಹತ್ತಿರದ ತೆನೆ ಬಿಟ್ಟು ಹೊಲದ ನಟ್ಟನಡುವಿನ ತೆನೆಯನ್ನೇ ಬೀಜಕ್ಕೆ ಆರಿಸಿ. ಕೆಲವು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ.