ಕಾರಿನ ಕಪ್ಪು ಪ್ಲಾಸ್ಟಿಕ್ ಮೇಲೆ ಕೂತಿರೋ ವ್ಯಾಕ್ಸ್, ಪಾಲಿಶ್ ಬಿಳಿ ಕಲೆ ತೆಗೆಯೋದು ಹೆಂಗೆ?

ನೀವು ಬರ್ದಿರೋದು ಇಷ್ಟು ತಾನೆ: ಆಯುಧಪೂಜೆಗೆ ಅಂತ ಮನೇಲೇ ಕಾರಿಗೆ ವ್ಯಾಕ್ಸ್ ಪಾಲಿಶ್ ಉಜ್ಜಿದ್ರಿ, ಬಾಡಿ ಏನೋ ಪಳಪಳ ಅಂತಿದೆ, ಆದ್ರೆ ಬಂಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ಕು, ಚಕ್ರದ ಸುತ್ತ ಇರೋ ಕ್ಲಾಡಿಂಗು, ಮಿರರ್ ಬುಡ ಎಲ್ಲಾ ಸುಣ್ಣ ಬಳಿದಂಗೆ ಬೆಳ್ಳಗಾಗಿದೆ, ಶಾಂಪೂ ಹಾಕಿ ತೊಳೆದ್ರೆ ಒದ್ದೆ ಇರೋ ತನಕ ಕಾಣಲ್ಲ, ಒಣಗಿದ ತಕ್ಷಣ ಮತ್ತೆ ಹಾಜರ್. ನಾನು ಬೆಂಗಳೂರಲ್ಲಿ ಬಸವೇಶ್ವರನಗರದ ಕಡೆ ಕಾರ್ ಡೀಟೇಲಿಂಗ್, ಅಂದ್ರೆ ಗಾಡಿ ಕ್ಲೀನ್ ಮಾಡಿ ಪಾಲಿಶ್ ಹಾಕೋ ಅಂಗಡೀಲಿ ಕೆಲಸ ಮಾಡೋನು, ಹಬ್ಬ ಮುಗಿದ ಮೇಲೆ ಬರೋ ಗಾಡಿಗಳಲ್ಲಿ ಇದೇ ಕಂಪ್ಲೇಂಟು ಜಾಸ್ತಿ. ಕಲೆ ಹೋಗುತ್ತೆ, ತಲೆ ಕೆಡಿಸ್ಕೋಬೇಡಿ. ಒಂದೇ ಮಾತು, ಯಾರಾದ್ರೂ "ಡ್ಯಾಶ್‌ಬೋರ್ಡ್ ಪಾಲಿಶ್ ಹೊಡೀರಿ, ಕಪ್ಪಗಾಗುತ್ತೆ" ಅಂದ್ರೆ ಸದ್ಯಕ್ಕೆ ಕೇಳಬೇಡಿ. ಅದರಲ್ಲಿರೋ ಸಿಲಿಕೋನು ಕಲೆನ ಮುಚ್ಚುತ್ತೆ ಅಷ್ಟೆ, ತೆಗೆಯಲ್ಲ, ನಾಲ್ಕು ಮಳೆ ಬಿದ್ರೆ ಕೆಳಗಿಂದ ಬಿಳಿ ಮತ್ತೆ ಇಣುಕುತ್ತೆ, ಆಮೇಲೆ ನೀವು ವ್ಯಾಕ್ಸ್ ಜೊತೆ ಆ ಜಿಡ್ಡನ್ನೂ ತೆಗೀಬೇಕು.

ಶಾಂಪೂಗೆ ಯಾಕೆ ಹೋಗಲ್ಲ ಅಂದ್ರೆ, ಆ ಪ್ಲಾಸ್ಟಿಕ್ ನುಣ್ಣಗಿಲ್ಲ. ಟಾರ್ಚ್ ಓರೆಯಾಗಿ ಹಿಡಿದು ಹತ್ರದಿಂದ ನೋಡಿ, ಚರ್ಮದ ಥರ ಸಣ್ಣ ಸಣ್ಣ ಗೆರೆ, ಗುಂಡಿ ತುಂಬಿರುತ್ತೆ, ಬಿಳಿ ಇರೋದು ಉಬ್ಬಿನ ಮೇಲಲ್ಲ, ಆ ಗುಂಡಿಗಳ ಒಳಗೆ. ಮತ್ತೆ ನೀವು ಹಾಕಿದ ಡಬ್ಬೀಲಿ ಎರಡು ಬೇರೆ ಬೇರೆ ಸಾಮಾನು ಇರುತ್ತೆ. ಒಂದು ಮೇಣ, ಸಾಮಾನ್ಯವಾಗಿ ಕಾರ್ನೌಬಾ, ಅಂದ್ರೆ ಬ್ರೆಜಿಲ್‌ನ ಒಂದು ಜಾತಿ ತಾಳೆ ಎಲೆಯಿಂದ ಬರೋದು, ಕರಗೋದು ಸುಮಾರು 82ರಿಂದ 86 ಡಿಗ್ರಿಗೆ, ಹಾಗಾಗಿ ತಣ್ಣೀರಿಗೆ ಜಗ್ಗಲ್ಲ. ಇನ್ನೊಂದು ಪಾಲಿಶಲ್ಲಿರೋ ಉಜ್ಜೋ ಪುಡಿ, ಅಲ್ಯೂಮಿನಾನೋ ಜೇಡಿಮಣ್ಣಿನಂಥದ್ದೋ. ಈ ಪುಡಿ ಸ್ಪಿರಿಟ್‌ಗೂ ಕರಗಲ್ಲ, ಸೋಪಿಗೂ ಕರಗಲ್ಲ, ಏನು ಹಾಕಿದ್ರೂ ಅದು ಪುಡೀನೇ. ಅದಕ್ಕೇ ಬಟ್ಟೆಗೆ ಏನೋ ಕೆಮಿಕಲ್ ಹಾಕಿ ಒರೆಸಿದವರು "ಹೋಯ್ತು ಅಂದ್ಕೊಂಡೆ, ಮತ್ತೆ ಬಂತು" ಅನ್ನೋದು. ಮೇಣ ಸಡಿಲ ಆಯ್ತು, ಪುಡಿ ಗುಂಡೀಲೇ ಉಳೀತು. ಮೊದ್ಲು ಮೇಣ ಬಿಡಿಸ್ಬೇಕು, ಆಮೇಲೆ ಬ್ರಷ್ಷಲ್ಲಿ ಪುಡಿ ಎತ್ತಬೇಕು, ಅದು ಒಣಗೋ ಮುಂಚೆ ಒರೆಸ್ಬೇಕು, ಗುಟ್ಟೇನಾದ್ರೂ ಇದ್ರೆ ಇಷ್ಟೇ.

ಶುರು ಮಾಡೋ ಮುಂಚೆ ಅದು ವ್ಯಾಕ್ಸೇನಾ ಅಂತ ನೋಡ್ಕೊಳಿ, ಯಾಕಂದ್ರೆ ನಮ್ಮೂರಲ್ಲಿ ಅರ್ಧ ಕೇಸು ಬೇರೆ. ವ್ಯಾಕ್ಸ್ ಆದ್ರೆ ಪೇಂಟಿನ ಅಂಚಿಗೆ ಹತ್ರ ಇರುತ್ತೆ, ಕೈ ಆಡಿಸಿದ ಥರ ಬಾಗಿದ ಗೀಟು ಕಾಣುತ್ತೆ, ನೀರು ಚಿಮುಕಿಸಿದ್ರೆ ಅಲ್ಲಿ ಹನಿ ಹನಿಯಾಗಿ ನಿಲ್ಲುತ್ತೆ. ಪ್ಲಾಸ್ಟಿಕ್ ಇಡೀ ಒಂದೇ ಸಮ ಬೂದಿ ಬಣ್ಣಕ್ಕೆ ತಿರುಗಿದ್ರೆ, ನೀರೂ ಹನಿಗಟ್ಟದೆ ಹರಡ್ಕೊಂಡ್ರೆ ಅದು ಬಿಸಿಲಿಗೆ ಬಣ್ಣ ಹೋಗಿರೋದು, ಎಷ್ಟು ಉಜ್ಜಿದ್ರೂ ವೇಸ್ಟು, ಅದಕ್ಕೆ ಟ್ರಿಮ್ ರೆಸ್ಟೋರರ್, ಅಂದ್ರೆ ಹೊರಗಿನ ಪ್ಲಾಸ್ಟಿಕ್‌ಗೆ ಮತ್ತೆ ಕಪ್ಪು ಬಣ್ಣ ತರೋ ದ್ರವ, ಹಚ್ಚೋದೇ ದಾರಿ. ಮೂರನೇದು ಬೋರ್‌ವೆಲ್ ನೀರಿನ ಕಲೆ, ಗುಂಡಗೆ ಅಂಚು ಕಟ್ಟಿದ ಚುಕ್ಕೆಗಳು, ಗಾಜಿನ ಮೇಲೂ ಅದೇ ಚುಕ್ಕೆ ಇರುತ್ತೆ. ಅದು ಸುಣ್ಣದಂಶ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೇಲಿ ಒಂದೆರಡು ನಿಮಿಷ ಇಟ್ಟು ತೊಳೆದ್ರೆ ಬಿಡುತ್ತೆ. ವ್ಯಾಕ್ಸ್‌ಗೆ ವಿನೆಗರ್ ಏನೂ ಮಾಡಲ್ಲ, ಸುಮ್ನೆ ವಾಸನೆ.

ನಿಮ್ದು ವ್ಯಾಕ್ಸೇ ಅನ್ಸುತ್ತೆ. ಗಾಡಿ ನೆರಳಲ್ಲಿರ್ಲಿ, ಪ್ಲಾಸ್ಟಿಕ್ ಮುಟ್ಟಿದ್ರೆ ತಣ್ಣಗಿರ್ಲಿ. ಮೊದ್ಲು ಬಿಸಿನೀರಿಗೆ (ಕೈ ತಡೆಯೋಷ್ಟು ಬಿಸಿ) ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಹಾಕಿ ಹಳೇ ಟೂತ್‌ಬ್ರಷ್ಷಲ್ಲಿ, ಸಾಫ್ಟ್ ಇರೋದು, ಒಂದು ಗೇಣು ಜಾಗ ಮಾತ್ರ ಉಜ್ಜಿ. ಹೊಸ ಕಲೆ ಆದ್ರೆ ಇದರಲ್ಲೇ ಮುಗಿಯುತ್ತೆ. ಹೋಗ್ಲಿಲ್ಲ ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, ಎಸ್.ಪಿ. ರೋಡಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಸರ್ಕ್ಯೂಟ್ ಬೋರ್ಡ್ ಕ್ಲೀನ್ ಮಾಡಕ್ಕೆ ಅಂತ ಇಟ್ಟಿರ್ತಾರೆ, ಗಟ್ಟಿ ಇದ್ರೆ ಅರ್ಧಕ್ಕರ್ಧ ನೀರು ಬೆರೆಸಿ. ಇಲ್ಲಾಂದ್ರೆ ಜೆ.ಸಿ. ರೋಡಲ್ಲಿ ಆಲ್ ಪರ್ಪಸ್ ಕ್ಲೀನರ್ ಸಿಗುತ್ತೆ, ಒಂದು ಪಾಲಿಗೆ ಹತ್ತು ಪಾಲು ನೀರು ಸಾಕು. ಯಾವುದೇ ಆಗ್ಲಿ ಮೊದ್ಲು ಕಾಣದ ಮೂಲೇಲಿ ಹಚ್ಚಿ ನೋಡಿ. ಸ್ಪ್ರೇನ ನೇರ ಗಾಡಿಗೆ ಹೊಡೀಬೇಡಿ, ಬ್ರಷ್‌ಗೆ ಹೊಡೀರಿ, ಪಕ್ಕದ ಪೇಂಟ್ ಮೇಲೆ ಹೋದ್ರೆ ಅಷ್ಟು ಕಷ್ಟಪಟ್ಟು ಹಾಕಿದ ವ್ಯಾಕ್ಸೂ ಬಿಟ್ಟೋಗುತ್ತೆ. ಅರ್ಧ ನಿಮಿಷ ಬಿಟ್ಟು ಬ್ರಷ್‌ನ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ಆಡಿಸಿ, ಯಾಕಂದ್ರೆ ಗೆರೆಗಳು ಒಂದೇ ದಿಕ್ಕಿಗಿಲ್ಲ. ನೊರೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಪುಡಿ ಮೇಲೆ ಬಂದಿದೆ ಅಂತ ಅರ್ಥ, ಆಗ್ಲೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಎತ್ತಿ, ಬಟ್ಟೆ ಮಡಿಕೆ ಬದಲಾಯಿಸಿ ಇನ್ನೊಂದ್ಸಲ. ಅದೇ ಮಡಿಕೇಲಿ ಒರೆಸ್ತಾ ಹೋದ್ರೆ ತೆಗೆದಿದ್ದನ್ನ ಪಕ್ಕದ ಗುಂಡಿಗೆ ತುಂಬ್ತಾ ಇದೀರಿ ಅಷ್ಟೆ. ನೊರೆ ಬಣ್ಣ ತಿಳಿ ಆಗೋವರ್ಗೂ ಇದೇ ಕೆಲಸ, ಸ್ವಲ್ಪ ತಾಳ್ಮೆ ಬೇಕು. ಪೈಪ್ ಏನೂ ಬೇಡ, ಅರ್ಧ ಬಕೆಟ್ ಸಾಕು, 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂದಾಗ ನಾವೂ ಬಕೆಟ್ ಬಟ್ಟೇಲೇ ಕೆಲಸ ಸಾಗಿಸಿದ್ದು.

ತಿಂಗಳುಗಟ್ಟಲೆ ಹಳೇ ಕಲೆ ಇದ್ರೆ ಹೇರ್ ಡ್ರೈಯರ್ ಒಳ್ಳೇ ಸಾಧನ. ಒಂದು ಗೇಣು ದೂರ ಹಿಡಿದು ಕೈ ಆಡಿಸ್ತಾ ಇರಿ, ಬಿಳಿ ಇದ್ದದ್ದು ನಿಧಾನಕ್ಕೆ ಒದ್ದೆಯಾದ ಥರ ಮಸುಕಾಗುತ್ತೆ, ಆಗ ಮೇಣ ಮೆತ್ತಗಾಗಿದೆ, ತಕ್ಷಣ ಸೋಪ್ ನೀರು, ಬ್ರಷ್ಷು. ಬರೀ ಡ್ರೈಯರ್ ಹಿಡಿದು ಮಾಯ ಆಯ್ತು ಅಂತ ನಿಲ್ಲಿಸ್ಬೇಡಿ, ಪುಡಿ ಒಳಗೇ ಇರುತ್ತೆ. ಆಲ್ಕೋಹಾಲ್ ಹಚ್ಚಿರೋ ಜಾಗಕ್ಕೆ ಡ್ರೈಯರ್ ತರ್ಲೇಬಾರ್ದು, ಬೆಂಕಿ ಹತ್ತೋ ಸಾಮಾನದು, ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಗಾಳೀನೂ ಆಡಲ್ಲ. ಮೆಕ್ಯಾನಿಕ್ ಹತ್ರ ಇರೋ ಹೀಟ್ ಗನ್ ಅಂತೂ ಬೇಡ, ಟ್ರಿಮ್ ಸೊಟ್ಟಗಾದ್ರೆ ಹೊಸದೇ ಹಾಕಿಸ್ಬೇಕು.

ಪೆಟ್ರೋಲು, ಥಿನ್ನರ್ ಹಾಕಿ ಅನ್ನೋರು ಪ್ರತಿ ಬೀದೀಲೂ ಇದಾರೆ. ಬಂಪರ್ ಕ್ಲಾಡಿಂಗ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್, ತಕ್ಕಮಟ್ಟಿಗೆ ತಡ್ಕೊಳುತ್ತೆ, ಆದ್ರೆ ಮಿರರ್ ಕವರ್ ಥರದ್ದು ಎಷ್ಟೋ ಗಾಡೀಲಿ ಎಬಿಎಸ್ ಅನ್ನೋ ಇನ್ನೊಂದು ಜಾತಿ ಪ್ಲಾಸ್ಟಿಕ್, ಥಿನ್ನರ್ ತಾಗಿದ್ರೆ ಮೇಲ್ಮೈ ಕರಗಿ ಅಂಟಂಟಾಗುತ್ತೆ, ನೋಡಿ ಹೇಳಕ್ಕೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಸೀಮೆಎಣ್ಣೆ ಮೇಣ ಬಿಡಿಸುತ್ತೆ ನಿಜ, ಜೊತೆಗೆ ಜಿಡ್ಡು ಬಿಡುತ್ತೆ, ಅದಕ್ಕೆ ನಮ್ಮ ರೋಡಿನ ಧೂಳು ಅಂಟುತ್ತೆ. ಪೀನಟ್ ಬಟರ್ ಹಚ್ಚೋ ವಿಡಿಯೋನೂ ನೋಡಿರ್ತೀರ, ಅದರ ಎಣ್ಣೆಗೆ ಮೇಣ ಸಡಿಲ ಆಗೋದು ಸುಳ್ಳಲ್ಲ, ಆದ್ರೆ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಇಲಿ ಮೊದ್ಲೇ ವೈರ್ ಕಡೀತಾವೆ, ನೀವು ಕರೆದು ಊಟಕ್ಕಿಟ್ಟಂಗಾಗುತ್ತೆ. ಚಿಕ್ಕ ಗೀಟಿಗೆ ಮಕ್ಕಳ ಬಿಳಿ ರಬ್ಬರ್ ಆಗುತ್ತೆ, ಒಣಗಿರೋವಾಗ ಉಜ್ಜಿ ಪುಡಿ ಬ್ರಷ್ ಮಾಡಿ.

ಡೋರ್ ಮಧ್ಯೆ ಕನ್ನಡಿ ಥರ ಹೊಳೆಯೋ ಕಪ್ಪು ಪಿಲ್ಲರ್ ಇದ್ಯಲ್ಲ, ಅದಕ್ಕೆ ಈ ಬ್ರಷ್ ಆಟ ಬೇಡ, ಗೀರು ಬೀಳುತ್ತೆ, ಒದ್ದೆ ಮೈಕ್ರೋಫೈಬರ್ ಸಾಕು. ಗಾಜಿನ ಅಂಚಿನ ರಬ್ಬರ್ ಬೀಡಿಂಗ್‌ಗೆ ಆಲ್ಕೋಹಾಲ್ ಪದೇ ಪದೇ ಹಾಕಿದ್ರೆ ಒಣಗುತ್ತೆ, ಸೋಪ್ ನೀರಲ್ಲೇ ಮುಗಿಸಿ.

ಎಲ್ಲಾ ಕ್ಲೀನ್ ಆಗಿ ಚೆನ್ನಾಗಿ ಒಣಗಿದ ಮೇಲೆ ಪ್ಲಾಸ್ಟಿಕ್ ಸ್ವಲ್ಪ ಪೇಲವ ಕಾಣುತ್ತೆ, ಈಗ ನೀರಿನ ಬೇಸ್ ಇರೋ ಟ್ರಿಮ್ ಡ್ರೆಸಿಂಗ್, ಅಂದ್ರೆ ಪ್ಲಾಸ್ಟಿಕ್‌ಗೆ ಕಳೆ ಕೊಡೋ ದ್ರವ, ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಹೆಚ್ಚಾಗಿದ್ದನ್ನ ಒರೆಸಿಬಿಡಿ. ಗುಂಡಿಗಳು ಅದರಿಂದ ತುಂಬಿದ್ರೆ ಮುಂದೆ ವ್ಯಾಕ್ಸ್ ತಾಗಿದ್ರೂ ಒಳಗಿಳಿಯೋದು ಕಮ್ಮಿ. ಮುಂದಿನ ಸಲ ಪಾಲಿಶ್ ಹಾಕೋ ಮುಂಚೆ ಪೇಂಟರ್‌ಗಳು ಬಳಸೋ ಮಾಸ್ಕಿಂಗ್ ಟೇಪ್ ತಂದು ಪ್ಲಾಸ್ಟಿಕ್ ಅಂಚಿಗೆಲ್ಲಾ ಅಂಟಿಸಿ, ಪ್ಯಾಕಿಂಗ್ ಟೇಪ್ ಅಲ್ಲ, ಅದು ಅಂಟು ಬಿಡುತ್ತೆ. ಯಾರಾದ್ರೂ ಬಫಿಂಗ್ ಮೆಷಿನ್ ತಂದು ಮಾಡಿಕೊಡ್ತೀನಿ ಅಂದ್ರೂ ಟೇಪ್ ಹಾಕಿದ್ರಾ ಅಂತ ನಿಂತು ನೋಡಿ, ಮೆಷಿನ್ ಸುತ್ತೋವಾಗ ಹಾರೋ ಪಾಲಿಶ್ ಪೇಸ್ಟ್ ವೈಪರ್ ಕೆಳಗಿನ ಜಾಲರಿ ಒಳಗೆ ಹೋಗಿ ಕೂತ್ರೆ ತೆಗೆಯಕ್ಕೆ ವೈಪರೇ ಬಿಚ್ಚಬೇಕಾಗುತ್ತೆ.