ಹಿಮೋಗ್ಲೋಬಿನ್ ನಾರ್ಮಲ್, ಆದರೂ ಓಡೋಕೆ ಆಗ್ತಿಲ್ಲ!

ಓಟಗಾರರಿಗೆ ತರಬೇತಿ ಕೊಡುವ ಓದುಗರೊಬ್ಬರ ಪತ್ರ: "ನನ್ನ ಹತ್ತಿರ 19 ವರ್ಷದ ಇಬ್ಬರು 1500 ಮೀಟರ್ ಓಡ್ತಾರೆ. ಹುಡುಗಿಯ ಹಿಮೋಗ್ಲೋಬಿನ್ 12.6, ನಾರ್ಮಲ್. ಆದರೆ ಎರಡು ತಿಂಗಳಿಂದ ಕೊನೇ ಸುತ್ತಿನಲ್ಲಿ ಕಾಲೇ ಏಳ್ತಿಲ್ಲ. ಹುಡುಗನದು 12.8, ರಕ್ತಹೀನತೆ ಅಂತ ಬಂದಿದೆ. ಅವನೋ ಈ ವರ್ಷದ ತನ್ನ ಒಳ್ಳೇ ಟೈಮಿಂಗ್ ಕೊಡ್ತಿದ್ದಾನೆ. ಹುಡುಗಿಗೆ ಸೋಮಾರಿತನವೋ, ಲ್ಯಾಬಿನದೇ ತಪ್ಪೋ? ಇಬ್ಬರಿಗೂ ಕಬ್ಬಿಣದ ಮಾತ್ರೆ ಶುರು ಮಾಡಲೇ?"

ಸೋಮಾರಿತನವೂ ಅಲ್ಲ, ಲ್ಯಾಬಿನ ತಪ್ಪೂ ಇರಲಾರದು. ಮಾತ್ರೆ ಮಾತ್ರ ನೀವಾಗಿಯೇ ಶುರು ಮಾಡಬೇಡಿ. ನೀವು ಕಳಿಸಿದ ರಿಪೋರ್ಟ್‌ಗಳಲ್ಲಿ ಹಿಮೋಗ್ಲೋಬಿನ್ ಸಾಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದೀರಿ. ಎರಡನೇ ಪುಟದಲ್ಲಿ ಫೆರಿಟಿನ್ ಅಂತ ಒಂದು ಸಾಲಿದೆ, ಅದರ ಮೇಲೆ ಯಾರ ಕಣ್ಣೂ ಬಿದ್ದ ಹಾಗಿಲ್ಲ. ಹುಡುಗಿಯದು 9, ಹುಡುಗನದು 74.

ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಕಬ್ಬಿಣ ಸಾಲದಾದಾಗ ಮೊದಲು ಖಾಲಿಯಾಗೋದು ಈ ದಾಸ್ತಾನು. ಹಿಮೋಗ್ಲೋಬಿನ್ ಇಳಿಯೋದು ಕೊನೆಗೆ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ರೀಡಾ ವೈದ್ಯರು 30–35ಕ್ಕೇ ಎಚ್ಚರ ಆಗುತ್ತಾರೆ. ಇನ್ನೊಂದು ಮಾತು: ಹೆಂಗಸರಿಗೆ ಹಿಮೋಗ್ಲೋಬಿನ್ 12ರ ಮೇಲಿದ್ದರೆ ನಾರ್ಮಲ್, ಸರಿ. ಆದರೆ ಆಕೆಯದು ಮೊದಲು 14 ಇದ್ದಿದ್ದರೆ? ಹಳೇ ರಿಪೋರ್ಟ್ ಇದ್ದರೆ ತೆಗೆದು ನೋಡಿ.

ಹುಡುಗನ ಕಥೆಯೇ ಬೇರೆ. ಗಂಡಸರ ಗೆರೆ 13. ಆದರೆ ಜಾಸ್ತಿ ಓಡುವವರ ರಕ್ತದಲ್ಲಿ ನೀರಿನಂಶ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಕೆಂಪು ಕಣ ಕಡಿಮೆಯಾಗಿರುವುದಿಲ್ಲ, ರಕ್ತ ತೆಳುವಾಗಿರುತ್ತದೆ ಅಷ್ಟೇ. ದಾಸ್ತಾನು ತುಂಬಿದೆ, ಓಟವೂ ಚೆನ್ನಾಗಿದೆ ಅಂದಮೇಲೆ ಅವನದು ಬಹುಶಃ ಇದೇ. ವೈದ್ಯರು ಒಮ್ಮೆ ನೋಡಿ ಹೌದು ಅನ್ನಲಿ. ಬೇಡದ ಕಬ್ಬಿಣ ಸುಮ್ನೆ ಹೊರಗೆ ಹೋಗೋದಿಲ್ಲ. ಅದು ಲಿವರಿನಲ್ಲಿ ಸೇರಿಕೊಳ್ಳುವ ಹುಟ್ಟುದೋಷ ಕೆಲವರಿಗೆ ಇರುತ್ತದೆ.

ಹುಡುಗಿಯ ಕಬ್ಬಿಣ ಎಲ್ಲಿ ಹೋಯಿತು? ಮುಟ್ಟಿನಲ್ಲಿ ಹೋಗುತ್ತದೆ. ಬೆವರಿನಲ್ಲಿ, ಕರುಳಿನಲ್ಲಿ ಸ್ವಲ್ಪ. ಪಾದ ನೆಲಕ್ಕೆ ಬಡಿದಾಗಲೂ ಒಂದಷ್ಟು ಕೆಂಪು ಕಣ ಒಡೆಯುತ್ತವೆ. ಇದರ ಮೇಲೆ ಹೆಪ್ಸಿಡಿನ್ ಅನ್ನೋ ಹಾರ್ಮೋನಿನ ಕಾಟ. ಕಠಿಣ ಅಭ್ಯಾಸ ಮುಗಿದ 3ರಿಂದ 6 ಗಂಟೆಯಲ್ಲಿ ಲಿವರ್ ಇದನ್ನು ಜಾಸ್ತಿ ಬಿಡುತ್ತದೆ, ಕರುಳು ಕಬ್ಬಿಣಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ. ಬೆಳಿಗ್ಗೆ ಮೈಮುರಿದು ಓಡಿ ಮಧ್ಯಾಹ್ನ ಮಾತ್ರೆ ನುಂಗಿದರೆ ಒಂದಷ್ಟು ದಂಡ. ವೈದ್ಯರು ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ, ಓಟಕ್ಕೆ ಮೊದಲು ಅಥವಾ ಮುಗಿದ ಅರ್ಧ ಗಂಟೆಯೊಳಗೆ ತಗೊಳ್ಳೋದು ಒಳ್ಳೇದು. ಒಂದು ಮಾತ್ರೆಯಿಂದಲೇ ಹೆಪ್ಸಿಡಿನ್ ಮಾರನೇ ದಿನದವರೆಗೂ ಏರಿರುತ್ತದೆ. ಅದಕ್ಕೇ ದಿನ ಬಿಟ್ಟು ದಿನ ಕೊಡುವ ಕ್ರಮವೂ ಇದೆ, ಅದನ್ನು ವೈದ್ಯರ ಹತ್ತಿರ ಕೇಳಿ. ಜೊತೆಗೆ ವಿಟಮಿನ್ ಸಿ ಇರಲಿ. ಟೀ, ಕಾಫಿ, ಹಾಲು ದೂರ ಇರಲಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ.

ತೂಕ ಇಳಿಸಬೇಕು ಅಂತ ಊಟ ಬಿಡುತ್ತಿದ್ದಾಳಾ? ಮುಟ್ಟು ನಿಂತಿದೆಯಾ? ನಿಮ್ಮ ಹತ್ತಿರ ಹೇಳಿಕೊಳ್ಳೋಕೆ ಸಂಕೋಚ ಇರಬಹುದು, ವೈದ್ಯರು ಕೇಳಲಿ. ಹೌದು ಅಂತಾದರೆ ಮಾತ್ರೆಗಿಂತ ಮೊದಲು ಊಟ ಸರಿಯಾಗಬೇಕು.

ಎರಡು–ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ರೇಸಿನ ಮಾರನೇ ದಿನವೋ ಜ್ವರ ಬಂದಾಗಲೋ ಬೇಡ, ಫೆರಿಟಿನ್ ಆಗ ಸುಳ್ಳೇ ಏರಿರುತ್ತದೆ. ಬೇಗ ಗುಣವಾಗಲಿ ಅಂತ ಡ್ರಿಪ್ ಹಾಕಿಸುವ ಯೋಚನೆ ಬಂದರೆ ಒಂದು ಎಚ್ಚರಿಕೆ: ಕಬ್ಬಿಣ ನಿಷೇಧಿತ ಮದ್ದಲ್ಲ. ಆದರೆ 12 ಗಂಟೆಯೊಳಗೆ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವ ನರಕ್ಕೆ ಏರಿಸುವುದು, ಆಸ್ಪತ್ರೆ ಚಿಕಿತ್ಸೆಯಂಥ ಕೆಲವು ಸಂದರ್ಭ ಬಿಟ್ಟರೆ, ಡೋಪಿಂಗ್ ನಿಯಮದ ಪ್ರಕಾರ ತಪ್ಪು.